ಮೊಳೆಗೆ ಮರಳಿದ ಕೋಲು

ಭಾವ ಮನೆಯಲ್ಲೇ ಕಟ್ಟಿದ ಆಂಪ್ಲಿಫೈಯರಿನ ಎರಡು ದೊಡ್ಡ ಗಾಜಿನ ವಾಲ್ವುಗಳಲ್ಲಿ ಬಲಗಡೆಯದು ಮಾಯವಾಗಿತ್ತು.

“ಕಳ್ಳತನ ಕಣಯ್ಯಾ! ಹಾಡಹಗಲೇ!” ಭಾವ ತಲೆ ಚಚ್ಚಿಕೊಂಡರು.

ಪೊಲೀಸಿನವನಾದ ನನಗೆ ತಿಂಗಳಿಗೊಂದು ರಜೆ. ಅಕ್ಕನ ಮನೆಗೆ ಬಂದರೆ ಇಲ್ಲೂ ತನಿಖೆ. ಮೈ ಉರಿಯಿತು.

“ಬೇರೆ ಹಾಕಿ ಭಾವ. ಪೆಟ್ಟಿಗೆ ತುಂಬ ಇವೆಯಲ್ಲ.”

“ಇದೇನು ಬಲ್ಬಾ? ಪುಶ್-ಪುಲ್ ಕಣೋ! ಒಂದು ತಳ್ಳಿದರೆ ಇನ್ನೊಂದು ಎಳೀಬೇಕು. ಎರಡೂ ಸರಿಸಮ ಇದ್ದರೇ ಸ್ಪೀಕರ್ ಗುಂಯ್ ಅನ್ನೋದು ನಿಲ್ಲೋದು. ಇಪ್ಪತ್ತೆರಡು ಹಳೇ ಟ್ರಾನ್ಸ್‌ಮಿಟರ್ ವಾಲ್ವ್ ತಂದೆ. ಸರಿಸಮ ಸಿಕ್ಕಿದ್ದು ಎರಡೇ. ಏಳು ತಿಂಗಳು ಮಣ್ಣುಪಾಲು!”

ಗುಂಯ್ ನಿಂತದ್ದು ನಿನ್ನೆಯಷ್ಟೇ. ರೇಡಿಯೋ ಟ್ರಾನ್ಸ್‌ಮಿಟರ್ ಕೇಂದ್ರದಲ್ಲಿ ಇಪ್ಪತ್ತು ವರ್ಷ ಆಪರೇಟರ್ ಆಗಿದ್ದ ಅಕ್ಕ ಮೂಲೆಯಲ್ಲಿ ಕೂತು ಉಣ್ಣೆ ಹೆಣೆಯುತ್ತಿದ್ದಳು.

* * *

ವಾಲ್ವು ಮಾರಿದ್ದ ಗುಜರಿಯವನು ಬೆಳಿಗ್ಗೆ ಬಂದು ವಾಪಸ್ ಕೇಳಿದ್ದನಂತೆ. ಕರೆಸಿದೆ.

“ಉಳಿದದ್ದನ್ನು ಬಿಚ್ಚು.”

ಅವನು ಎರಡೂ ಕೈ ಚಾಚಿ ಗಾಜಿನ ನೆತ್ತಿಯ ತಂತಿಗೇ ಹೋದ.

“ಏಯ್!” ಭಾವ ಕಿರುಚಿದರು. “ಬೆಳಿಗ್ಗೆ ಆಂಪ್ಲಿಫೈಯರ್ ಓಡಿಸಿದ್ದೀನಿ. ಆರಿಸಿದ ಮೇಲೂ ಒಳಗೆ ಸಾವಿರ ವೋಲ್ಟ್ ಕೂತಿರುತ್ತೆ! ಮೊದಲು ಅರ್ಥಿಂಗ್ ಕೋಲು ಮುಟ್ಟಿಸಿ ಅದನ್ನು ನೆಲಕ್ಕೆ ಇಳಿಸಬೇಕು!”

ಅವನ ರಟ್ಟೆ ಹಿಡಿದು ಹಿಂದಕ್ಕೆಳೆದೆ. ಇವನು ಕಳ್ಳನಲ್ಲ. ಹೀಗೆ ಬರಿಗೈ ಹಾಕಿ ಕದ್ದಿದ್ದರೆ ಬದುಕಿರುತ್ತಿರಲಿಲ್ಲ.

ಗುಂಯ್ ಸದ್ದಿಗೆ ದಿನಾ ಜಗಳಕ್ಕೆ ಬರುತ್ತಿದ್ದ ಮಹಡಿಯ ಮೇಷ್ಟ್ರನ್ನು ಹಿಡಿದೆ.

“ನಿನ್ನೆ ತಾನೇ ನಿಂತಿದೆ ರೀ! ಮತ್ತೆ ಶುರುವಾಗೋ ಹಾಗೆ ನಾನೇ ಮಾಡ್ತೀನಾ?”

ಅದೂ ನಿಜವೇ. ಎಲ್ಲಾ ದಾರಿಯೂ ಗೋಡೆಗೇ ಹೋಗಿ ನಿಲ್ಲುತ್ತಿತ್ತು.

* * *

“ಆ ಕೋಲೆಲ್ಲಿ ಭಾವ?”

ಭಾವ ಮೇಜಿನ ಕೆಳಗೆ ಹುಡುಕಿದರು. ಬಾಗಿಲ ಹಿಂದೆ ಹುಡುಕಿದರು. ಅದು ಗೋಡೆಯ ಮೊಳೆಗೆ ನೇತಾಡುತ್ತಿತ್ತು. ಹಿಡಿಯಲ್ಲಿ ಜೇಡರ ಬಲೆಯ ಎಳೆ.

“ಅಲ್ಲಿ ಯಾರು ಹಾಕಿದ್ರು? ನಾನಂತೂ ಅಲ್ಲ.”

ನಂಬಿದೆ. ಟವೆಲನ್ನೂ ಜಾಗಕ್ಕೆ ಹಾಕಿ ಗೊತ್ತಿಲ್ಲದ ಮನುಷ್ಯ.

“ಕಳ್ಳನಿಗೆ ಕೋಲು ಮುಟ್ಟಿಸೋದು ಗೊತ್ತು. ಕೆಲಸ ಮುಗಿದ ಮೇಲೆ ಅದನ್ನು ಮೊಳೆಗೇ ಹಾಕೋದು ಕೈಗೆ ಅಂಟಿದ ಅಭ್ಯಾಸ. ಕೇಂದ್ರದಲ್ಲಿ ದಿನಾ ಮಾಡಿದ್ದು. ಅಕ್ಕಾ, ಕೊಟ್ಟುಬಿಡು.”

ಅಕ್ಕ ಉಣ್ಣೆಯ ಬುಟ್ಟಿಯಿಂದ ವಾಲ್ವು ತೆಗೆದಳು.

“ಕೋಲು ಬೀರು ಕೆಳಗೆ ಬಲೆ ಕಟ್ಟಿಕೊಂಡು ಬಿದ್ದಿತ್ತು. ಅಂದರೆ ಎಷ್ಟು ದಿನದಿಂದ ಬರಿಗೈ ಹಾಕ್ತಿದ್ರಿ? ಮೊನ್ನೆ ಬೆರಳು ಸುಟ್ಟದ್ದು ಸೋಲ್ಡರಿಂಗ್ ಐರನ್‌ನಿಂದ ಅಂತ ಸುಳ್ಳು ಬೇರೆ. ಹೇಳಿ ಹೇಳಿ ಸಾಕಾಯ್ತು ನನಗೆ.”

“ಏಳು ತಿಂಗಳ ಕೆಲಸ ಕಣೇ! ಸರಿಸಮ ಇದ್ದದ್ದು ಎರಡೇ...”

“ನಿಮಗೆ ಆರಿಸೋಕೆ ಇಪ್ಪತ್ತೆರಡಿತ್ತು. ನನಗಿರೋದು ನೀವೊಬ್ರೇ.”

ಭಾವ ಎದ್ದರು. ಕೋಲು ಇಳಿಸಿಕೊಂಡು ತಂತಿಗೆ ಮುಟ್ಟಿಸಿದರು. ಮತ್ತೆ ಮೊಳೆಗೆ ಹಾಕಿದರು. ವಾಲ್ವಿಗಾಗಿ ಕೈ ಚಾಚಿದರು.

“ಇನ್ನೊಂದು ಸಲ ಮುಟ್ಟಿಸಿ,” ಅಂದಳು ಅಕ್ಕ, ವಾಲ್ವನ್ನು ಎದೆಗೊತ್ತಿಕೊಂಡೇ.