ಯಾಮ್ನಾಳ ಹೆಸರಿನ ಜವೆಗೋಧಿ

ಜೂನ್ ಹದಿನಾಲ್ಕು, ಶನಿವಾರ, ಮಧ್ಯಾಹ್ನ ಮೂರು ಗಂಟೆ ಹತ್ತು ನಿಮಿಷಕ್ಕೆ ಬುಶೈಬ್ ಗಿರಣಿಯ ತೂಬನ್ನು ಎತ್ತಿದ. ಅಲ್ಲಿನ ಬೀಸುಕಲ್ಲಿನ ಗೊಡವೆ ಬೇಡವೆಂದು ಅವನಿಗೆ ಬೆಳಿಗ್ಗೆಯೇ ಹೇಳಲಾಗಿತ್ತು.

ಹೇಳಿದವಳು ಇಟ್ಟೊ, ಸೆಫ್ರೂ ಪಟ್ಟಣದಾಚೆ ಹೊಳೆದಂಡೆಯ ಆ ಹಳೆಯ ನೀರುಗಿರಣಿಯನ್ನು ನೋಡಿಕೊಳ್ಳುವ ಮುದುಕಿ. ಫೆಸ್ ನಗರದ ಮಾಲೀಕ ಗೋಡೆಗೆ ಸುಣ್ಣ ಬಳಿಸಿ, ಮಂಚ ಹಾಕಿಸಿ, ಅದನ್ನು ಬಾಡಿಗೆಗೆ ಕೊಡುವ ರಜೆಯ ಮನೆ ಮಾಡಿದ್ದ. ಬೀಸುಕಲ್ಲನ್ನು ಮಾತ್ರ ಅಂದಕ್ಕೆಂದು ನಡುಮನೆಯಲ್ಲಿ ಉಳಿಸಿದ್ದ.

“ಕಲ್ಲಿಗೆ ಕಾಳು ಹಾಕ್ಬೇಡಿ, ಸೀದಿ. ಹಾಕಿದ್ರೂ ಯಾರ ಹೆಸರೂ ಕೂಗ್ಬೇಡಿ.”

“ಯಾಕೆ, ಕಲ್ಲಿಗೆ ಕಿವಿ ಇದ್ಯಾ?” ಬುಶೈಬ್ ನಕ್ಕ. ಕಾಸಾಬ್ಲಾಂಕಾದ ಹಿಟ್ಟಿನ ಕಾರ್ಖಾನೆಯಲ್ಲಿ ಮೂವತ್ತಾರು ವರ್ಷ ಯಂತ್ರ ರಿಪೇರಿ ಮಾಡಿ ನಿವೃತ್ತನಾದವನು ಅವನು.

“ನಮ್ಮಪ್ಪನ ಮೊದಲ್ನೇ ಹೆಂಡ್ತಿ ಮಾಟದ ಚೀಟಿ ಬರೆಸಿ ಕೆಳಗಲ್ಲಿನ ಅಡಿ ಇಟ್ಟಿದ್ದಾಳೆ. ಇಲ್ಲಿ ಹೆಸರು ಕೂಗಿಸ್ಕೊಂಡೋರು ಕಾಳಿನ ಜೊತೆ ಸವೀತಾರೆ. ನಮ್ಮಮ್ಮ, ಎರಡನೇ ಹೆಂಡ್ತಿ, ಹಾಗೇ ಹೋದ್ಳು.”

“ಕ್ಷಯ ಇತ್ತೇನೋ, ಲಲ್ಲಾ ಇಟ್ಟೊ.”

ಇಟ್ಟೊ ಹೊರಟುಹೋದಳು. “ನಿಮ್ಮ ಬಾಯಿಗೂ ಒಂದು ತೂಬು ಹಾಕಿಸ್ಬೇಕು,” ಎಂದಳು ಅವನ ಹೆಂಡತಿ ಯಾಮ್ನಾ. ಊಟವಾದ ಮೇಲೆ, ಸಂತೆಯಿಂದ ತಂದ ಜವೆಗೋಧಿಯ ಚೀಲ ನೋಡುತ್ತ ಅವಳೇ ಕೆಣಕಿದಳು: “ಕಾರ್ಖಾನೆ ಸಾಹೇಬ್ರಿಗೆ ಒಂದು ರೊಟ್ಟಿಗಾಗೋವಷ್ಟು ಬೀಸೋಕೆ ಬರತ್ತಾ?”

ತೂಬು ಎತ್ತಿದೊಡನೆ ನೆಲದಡಿಯ ಚಕ್ರಕ್ಕೆ ನೀರು ಬಡಿಯಿತು. ಕಲ್ಲು ತಿರುಗಿತು. ಬರಿಗಲ್ಲು ತಿರುಗಿದರೆ ಕಲ್ಲು ಕಲ್ಲನ್ನೇ ತಿನ್ನುತ್ತದೆ: ಗಿರಣಿಯವನಾಗಿದ್ದ ಅವನ ತಂದೆ ಕಲಿಸಿದ ಮೊದಲ ಪಾಠ. ಹಿಟ್ಟು ಅದಲುಬದಲಾಗದಂತೆ ಕಾಳಿನ ಒಡೆಯರ ಹೆಸರು ಕೂಗುವುದು ಎರಡನೆಯದು. ಕೈ ತಾನಾಗಿ ಸುರಿಯಿತು. ಬಾಯಿ ತಾನಾಗಿ ಕೂಗಿತು.

“ಬಿಸ್ಮಿಲ್ಲಾ! ಯಾಮ್ನಾಳದ್ದು!”

ಮುದುಕಿಯ ಮಾತು ನೆನಪಾದದ್ದು ಆಮೇಲೆ. ಅವನಿಗೆ ನಗು ಬಂತು.

ಮೊದಲ ಹಿಟ್ಟು ಬೆಚ್ಚಗೆ ಅಂಗೈಗೆ ಉದುರಿತು. ಬೂದುಬಣ್ಣ. ಸುಟ್ಟ ಕೂದಲಿನ ವಾಸನೆ, ಅದರೊಳಗೆ ಮದರಂಗಿಯದು. ಯಾಮ್ನಾ ತಲೆಗೆ ಹಚ್ಚುವ ಮದರಂಗಿ.

“ರೀ,” ಅಂಗಳದಿಂದ ಅವಳ ದನಿ. “ಬಾಯೆಲ್ಲ ಮರಳು ಮರಳು...”

ಅಂಜೂರದ ಮರದಡಿ ಕೂತಿದ್ದಳು. ತುಟಿಯ ಮೇಲೆ ಬಿಳಿ ಪುಡಿ. ಎಷ್ಟು ಸೋಪು ಹಚ್ಚಿದರೂ ಬಾರದಿದ್ದ ಉಂಗುರ ಬೆರಳಿನಿಂದ ಜಾರಿ ಮಡಿಲಲ್ಲಿ ಬಿದ್ದಿತ್ತು.

ಅವನು ಒಳಗೆ ಓಡಿದ. ತೂಬು ಇಳಿಸಿದ. ಕಲ್ಲು ನಿಂತಿತು. ಅಂಗಳದಲ್ಲಿ ಏನೋ ಬಿದ್ದ ಸದ್ದು. ಅವಳು. ಉಸಿರಿಲ್ಲ. ನಾಡಿ ಇಲ್ಲ. ಮತ್ತೆ ಒಳಗೆ. ತೂಬು ಎತ್ತಿದ. ಕಲ್ಲು ನರಳಿತು. ತಿರುಗಿತು. ಹೊರಗೆ ಯಾಮ್ನಾ ಕೆಮ್ಮಿದಳು.

ಸದ್ದು ಕೇಳಿ ಇಟ್ಟೊ ಬಂದಳು. ಹೊಸ್ತಿಲು ದಾಟಲಿಲ್ಲ.

“ಯಾರ ಹೆಸರು?”

ಅವನು ಹೇಳಿದ.

“ಇನ್ನು ಕಲ್ಲು ನಿಲ್ಲಿಸ್ಬೇಡಿ. ಕಾಳೂ ಮುಗಿಯೋಕೆ ಬಿಡ್ಬೇಡಿ.”

“ಆ ಚೀಟಿ ಕಿತ್ತು ಬಿಸಾಕ್ತೀನಿ!”

“ಕೆಳಗಲ್ಲು ಎತ್ಬೇಕಾದ್ರೆ ಮೇಲ್ಗಲ್ಲು ನಿಲ್ಲಿಸ್ಬೇಕು. ನಮ್ಮಪ್ಪನೂ ಅದನ್ನೇ ಯೋಚಿಸ್ದ.”

“ಅವನು ಎಷ್ಟು ದಿನ ಬೀಸ್ದ?”

“ನೀರಿರೋ ತನಕ.”

ಏಳು ದಿನದ ರಜೆ ಐದು ವಾರವಾಯಿತು. ಫೆಸ್‌ನ ವೈದ್ಯ ರಕ್ತಹೀನತೆ ಎಂದು ಬರೆದುಕೊಟ್ಟ. ಬುಶೈಬ್ ಕಲ್ಲಿನ ಪಕ್ಕದಲ್ಲೇ ಉಂಡ, ಕೂತಲ್ಲೇ ತೂಕಡಿಸಿದ, ಒಂದೊಂದೇ ಬೊಗಸೆ ಕಾಳು ಹಾಕಿದ. ಯಾಮ್ನಾಳನ್ನು ಈಗ ಒಂದೇ ಕೈಯಲ್ಲಿ ಎತ್ತಬಹುದಿತ್ತು. ಬೆಟ್ಟದ ಹಿಮ ಕರಗಿ ಮುಗಿದಿತ್ತು. ಕಾಲುವೆಯ ನೀರು ದಿನಕ್ಕೊಂದು ಬೆರಳು ಇಳಿಯುತ್ತಿತ್ತು.

“ಬಿಟ್ಬಿಡಿ ರೀ,” ಎಂದಳು ಒಂದು ಬೆಳಿಗ್ಗೆ. “ಸಾಕಾಯ್ತು.”

“ಸುಮ್ನಿರು,” ಎಂದು ಕಾಳು ಸುರಿದ.

ಜುಲೈ ಇಪ್ಪತ್ತರಂದು ಕಾಲುವೆ ಬತ್ತಿತು. ಕಲ್ಲು ನಿಲ್ಲುವ ಮೊದಲೇ ಅವನು ಅದಕ್ಕೆ ಅಡ್ಡಕೋಲು ಕಟ್ಟಿ ಹೆಗಲು ಕೊಟ್ಟ. ಕಲ್ಲಿನ ತೂಕ ಇನ್ನೂರ ಎಂಬತ್ತು ಕಿಲೋ. ಅವನ ವಯಸ್ಸು ಅರವತ್ತೊಂದು. ಊರಿನ ಗಂಡಸರು ಬಾಗಿಲವರೆಗೆ ಬಂದು ಮರಳಿದರು. ಎರಡನೆಯ ದಿನ ಇಟ್ಟೊ ಹೊಸ್ತಿಲು ದಾಟಿದಳು. ಕೋಲಿನ ಇನ್ನೊಂದು ತುದಿ ಹಿಡಿದಳು.

ಜುಲೈ ಇಪ್ಪತ್ತಮೂರು, ಬುಧವಾರ, ಮಸೀದಿಯ ಇಳಿಹೊತ್ತಿನ ಬಾಂಗ್ ಮುಗಿಯುವಷ್ಟರಲ್ಲಿ ಗಿರಣಿಯ ಸದ್ದು ನಿಂತಿತು.