ಸೀಲು ಒಡೆಯದ ಟ್ಯೂಬು

ಬೆಳಿಗ್ಗೆ ಹತ್ತು ಗಂಟೆಗೆ ಠಾಣೆಗೆ ಬಂದ ಹೆಂಗಸು, ತನ್ನ ತಂಗಿಯ ರಕ್ತಪರೀಕ್ಷೆಯ ವರದಿಯನ್ನು ಇನ್‌ಸ್ಪೆಕ್ಟರ್ ಮೇಜಿನ ಮೇಲಿಟ್ಟಳು. ಹೂವಿನ ನರ್ಸರಿಯಲ್ಲಿ ಕೆಲಸಕ್ಕಿದ್ದ ತಂಗಿ ಹಿಂದಿನ ದಿನ ಸೇವಂತಿಗೆ ಗಿಡಗಳ ನಡುವೆಯೇ ಉಸಿರುಕಟ್ಟಿ ಸತ್ತಿದ್ದಳು.

"ಅಲರ್ಜಿ ಇಲ್ಲ ಅಂತ ಬರ್ದಿದಾರೆ ಸಾರ್. ಹೂವಿನ ಹತ್ರ ಹೋದ್ರೆ ಮೈಯೆಲ್ಲಾ ಕೆರೀತಿತ್ತು, ಕೆಲಸಕ್ಕೆ ಹೋಗ್ಬೇಡ ಕಣೇ ಅಂದೆ. ಈ ಕಾಗದ ತೋರ್ಸಿ ನನ್ನ ಬಾಯಿ ಮುಚ್ಚಿಸಿದ್ಲು."

ಎಫ್‌ಐಆರ್ ದಾಖಲಿಸಿಕೊಂಡು ಇನ್‌ಸ್ಪೆಕ್ಟರ್, ಹೆಡ್ ಕಾನ್‌ಸ್ಟೇಬಲ್ ಜೊತೆ ಲ್ಯಾಬಿಗೆ ಹೋದರು. ಎರಡೇ ಕೋಣೆ, ಒಂದು ಫ್ರಿಜ್ಜು, ಒಬ್ಬನೇ ಟೆಕ್ನೀಷಿಯನ್.

"ರಕ್ತ ಕೊಟ್ಟಿದ್ದು ಯಾವತ್ತು?"

"ಎರಡು ವಾರದ ಹಿಂದೆ, ಸೋಮವಾರ."

"ಟೆಸ್ಟ್ ಮಾಡಿದ್ದು?"

"ಅವತ್ತೇ ಸಾರ್."

"ನಮ್ಮ ಠಾಣೇಲೂ ಇಷ್ಟು ಬೇಗ ಕೆಲಸ ಆಗಲ್ಲಪ್ಪಾ," ಎಂದ ಹೆಡ್ ಕಾನ್‌ಸ್ಟೇಬಲ್. ಮಾತಿಗೊಂದು ಚಟಾಕಿ ಹಾರಿಸದಿದ್ದರೆ ಆತನಿಗೆ ತಿಂದ ಅನ್ನ ಅರಗುತ್ತಿರಲಿಲ್ಲ.

ಇನ್‌ಸ್ಪೆಕ್ಟರ್ ನಗಲಿಲ್ಲ. "ನನ್ನ ಮಗಳ ಅಲರ್ಜಿ ಟೆಸ್ಟಿಗೆ ವಾರಗಟ್ಟಲೆ ಕಾಯಿಸಿದ್ರಿ. ಒಬ್ಬರಿಗೋಸ್ಕರ ಕಿಟ್ ಒಡೆಯೋಕಾಗಲ್ಲ, ಸ್ಯಾಂಪಲ್ ಕೂಡಬೇಕು ಅಂದ್ರಿ. ಇವಳಿಗೆ ಹೇಗ್ರೀ ಅವತ್ತೇ ಒಡೆದ್ರಿ?"

ಟೆಕ್ನೀಷಿಯನ್ ಫ್ರಿಜ್ಜಿನ ಕಡೆ ನೋಡಿದ. ಆ ನೋಟವೇ ಸಾಕಾಯಿತು. ಹಿಂದಿನ ಮೂಲೆಯಲ್ಲಿ ಅವಳ ಹೆಸರಿನ ಟ್ಯೂಬು ಇತ್ತು, ಮುಚ್ಚಳದ ಸೀಲು ಹಾಗೇ ಇತ್ತು. ಇಬ್ಬರು ಪಂಚರನ್ನು ಕರೆಸಿ ಪಂಚನಾಮೆ ಬರೆದು, ಟ್ಯೂಬನ್ನು ಪರೀಕ್ಷೆಗೆ ಜಿಲ್ಲಾಸ್ಪತ್ರೆಗೆ ಕಳಿಸಿದರು. ಗುರುವಾರ ಫಲಿತಾಂಶ ಬಂತು: ಸೇವಂತಿಗೆಗೆ ತೀವ್ರ ಅಲರ್ಜಿ.

ಬಂಧಿಸಲು ಹೋದಾಗ ಟೆಕ್ನೀಷಿಯನ್ ಬಿಳಿ ಕೋಟು ಮಡಿಸಿಟ್ಟು, ಇವರದೇ ದಾರಿ ಕಾಯುತ್ತ ಕೂತಿದ್ದ.

"ಯಾಕ್ರೀ ಸುಳ್ಳು ವರದಿ ಕೊಟ್ರಿ?"

"ರಿಪೋರ್ಟ್ ತರದಿದ್ರೆ ನರ್ಸರಿಯವರು ಬೇರೆಯವರನ್ನ ಇಟ್ಕೋತಾರೆ ಅಣ್ಣಾ ಅಂತ ಅತ್ತುಬಿಟ್ಲು. ಇಂಥವರಲ್ಲಿ ಎಷ್ಟೋ ಜನಕ್ಕೆ ಏನೂ ಇರಲ್ಲ. ಕೊಟ್ಟುಬಿಡೋಣ, ಆಮೇಲೆ ಕಿಟ್ ಒಡೆದಾಗ ಮಾಡಿ ನೋಡೋಣ ಅಂದ್ಕೊಂಡೆ."

"ಆ ಟ್ಯೂಬ್ ಬಿಸಾಕಿದ್ರೆ ನಮ್ಮ ಕೈಗೆ ಏನೂ ಸಿಗ್ತಿರ್ಲಿಲ್ಲ."

"ಬಿಸಾಕೋಕೆ ಮನಸ್ಸು ಬರ್ಲಿಲ್ಲ ಸಾರ್. ದಿನಾ ಫ್ರಿಜ್ ತೆಗೆದಾಗ ಕಣ್ಣಿಗೆ ಬೀಳ್ತಿತ್ತು."

"ಆಮೇಲೆ ಕಿಟ್ ಒಡೆದ್ರಾ?"

"ಒಡೆದೆ. ಎಲ್ಲರದ್ದೂ ಹಾಕಿದೆ. ಅವಳದ್ದು ಕೈಗೆತ್ತಿಕೊಂಡೆ... ಅಲರ್ಜಿ ಇದೆ ಅಂತ ಬಂದ್ರೆ ನಾನು ಸಿಕ್ಕಿಹಾಕ್ಕೋತೀನಲ್ಲಾ ಅಂತ ಮತ್ತೆ ಒಳಗಿಟ್ಟೆ."

"ಅದ್ಯಾವತ್ತು?"

ಟೆಕ್ನೀಷಿಯನ್ ತಲೆ ತಗ್ಗಿಸಿದ. "ಅವತ್ತಿನ್ನೂ ಅವಳು ಬದುಕಿದ್ಲು ಸಾರ್. ಒಂದು ಫೋನ್ ಮಾಡಿದ್ರೆ ಸಾಕಿತ್ತು."

ಇನ್‌ಸ್ಪೆಕ್ಟರ್‌ಗೆ ಸಿಟ್ಟೂ ಬಂತು, ಕನಿಕರವೂ ಬಂತು. ಎರಡನ್ನೂ ಹೇಳಿಕೆಯಲ್ಲಿ ಬರೆಯುವಂತಿರಲಿಲ್ಲ. ಹೆಡ್ ಕಾನ್‌ಸ್ಟೇಬಲ್ ಜೀಪನ್ನು ಠಾಣೆಯ ಮುಂದೆ ತಂದು ನಿಲ್ಲಿಸಿದ. ಅಲ್ಲಿ ಬಾಗಿಲಲ್ಲೇ ಅಕ್ಕ ನಿಂತಿದ್ದಳು. ಅವಳನ್ನು ಕಂಡು ಟೆಕ್ನೀಷಿಯನ್ ಜೀಪಿನಿಂದ ಇಳಿಯಲಾರದೆ ಹೋದ.