ಕರೆಂಟ್ ಹೋದ ಸಂಜೆಗೆ ಎಷ್ಟನೇ ಸ್ಥಾನ?

ಕೌಂಟರಿನ ಮೇಲೆ ಅವನು ಇಟ್ಟ ಕನ್ನಡಕದ ಒಂದು ಕಡ್ಡಿ ಪೂರ್ವಕ್ಕೆ ತಿರುಗಿದ್ದರೆ ಇನ್ನೊಂದು ಪಶ್ಚಿಮಕ್ಕೆ ತಿರುಗಿತ್ತು. ಅಕ್ಕನ ಜೊತೆ ಕನ್ನಡಕದ ಅಂಗಡಿ ನಡೆಸುವ ಅವಳಿಗೆ, ಇದರ ಮೇಲೆ ಯಾರೋ ಕೂತಿದ್ದಾರೆ ಎಂದು ತಿಳಿಯಲು ಜ್ಯೋತಿಷ್ಯ ಬೇಕಿರಲಿಲ್ಲ.

“ನಾನೇ ಕೂತಿದ್ದು,” ಎಂದು ಅವನು ಒಪ್ಪಿಕೊಂಡ. “ಆದ್ರೆ ತಪ್ಪು ನಂದಲ್ಲ. ದೊಡ್ಡಮ್ಮಂದು.”

ದೊಡ್ಡಮ್ಮ ಎಂದರೆ ಅವನ ಸಂಬಂಧಿಯಲ್ಲವಂತೆ. ಒಂದು ಬ್ಯಾಂಡಿನ ಅಭಿಮಾನಿಗಳ ಗ್ರೂಪಿನಲ್ಲಿ ಆ ಹೆಸರಿನ ಹೆಂಗಸೊಬ್ಬಳಿದ್ದಾಳಂತೆ. ಯಾರನ್ನೂ ಬಿಡದೆ ಬೈಯುತ್ತಾಳಂತೆ. ತಾನು ಲಿಫ್ಟ್ ರಿಪೇರಿ ಮಾಡುವವನಾದ್ದರಿಂದ, ‘ನಿನ್ನ ಕಿವಿಯಲ್ಲಿ ಗ್ರೀಸ್ ತುಂಬಿದೆ’ ಎಂದು ಬರೆದಳಂತೆ. ಸಿಟ್ಟಿಗೆ ಧಡಕ್ಕನೆ ಎದ್ದು ಮತ್ತೆ ಕೂತಾಗ ಕುರ್ಚಿಯ ಮೇಲೆ ಕನ್ನಡಕವಿತ್ತು.

“ವಯಸ್ಸಾಗಿದೆ ಅನ್ಸುತ್ತೆ, ಪಾಪ. ಅರವತ್ತರ ಮೇಲೆ ಇರ್ಬೇಕು,” ಎಂದ.

ಅವಳ ಕೈಯಲ್ಲಿದ್ದ ಇಕ್ಕಳ ಅಲ್ಲೇ ನಿಂತಿತು. ಆ ದೊಡ್ಡಮ್ಮ ಅವಳೇ. ವಯಸ್ಸು ಅರವತ್ತರ ಅರ್ಧವೂ ಆಗಿರಲಿಲ್ಲ.

ಅಂದರೆ ಎದುರಿಗೆ ನಿಂತಿರುವವನು ಅದೇ ಗ್ರೂಪಿನ ಲಿಫ್ಟಪ್ಪ. ಯಾವ ಕಾರ್ಯಕ್ರಮವನ್ನು ಮೇಲೆ ಏರಿಸಬೇಕು, ಯಾವುದನ್ನು ಕೆಳಗೆ ಇಳಿಸಬೇಕು ಎಂದು ಪುಟಗಟ್ಟಲೆ ಬರೆಯುವ ಮಹಾನುಭಾವ. ಬೋಳುತಲೆಯ ಸಿಡುಕ ಎಂದುಕೊಂಡಿದ್ದಳು. ನೋಡಿದರೆ ತಲೆ ತುಂಬ ಗುಂಗುರು ಕೂದಲು. ಕನ್ನಡಕವಿಲ್ಲದ ಕಣ್ಣುಗಳನ್ನು ಕಿರಿದು ಮಾಡಿ ತನ್ನನ್ನೇ ಹುಡುಕುವಂತೆ ನೋಡುತ್ತಿದ್ದಾನೆ. ಅವಳು ತಾನು ಯಾರೆಂದು ಹೇಳದೆ ಕಡ್ಡಿ ನೇರ ಮಾಡತೊಡಗಿದಳು.

ಅವರ ಬ್ಯಾಂಡಿನ ಗುಣವೇ ಅಂಥದ್ದು. ಒಂದು ಹಾಡನ್ನು ನಿನ್ನೆ ನುಡಿಸಿದಂತೆ ಇಂದು ನುಡಿಸುವುದಿಲ್ಲ. ನಾಲ್ಕು ನಿಮಿಷದ ಹಾಡು ಮನಸ್ಸು ಬಂದರೆ ಅರ್ಧ ಗಂಟೆ ಹರಿಯುತ್ತದೆ. ಅದಕ್ಕೇ ಅಭಿಮಾನಿಗಳು ಪ್ರತಿ ಕಾರ್ಯಕ್ರಮದ ರೆಕಾರ್ಡಿಂಗ್ ಕೂಡಿಟ್ಟು, ವರ್ಷಕ್ಕೊಮ್ಮೆ ಇದುವರೆಗಿನ ಎಲ್ಲದರಲ್ಲಿ ಅತ್ಯುತ್ತಮವಾದ ಹತ್ತನ್ನು ಆರಿಸುತ್ತಾರೆ. ಅದಕ್ಕೊಂದು ಕಟ್ಟುನಿಟ್ಟಾದ ನಿಯಮವಿದೆ: ಹೋದವರು ಹೊರಗೆ. ಕಾರ್ಯಕ್ರಮಕ್ಕೆ ಖುದ್ದಾಗಿ ಹೋದವರು ಅದಕ್ಕೆ ಓಟು ಹಾಕುವಂತಿಲ್ಲ. ಕುಣಿದು ಬಂದವರ ಕಿವಿಯನ್ನು ಯಾರು ನಂಬುತ್ತಾರೆ?

ಇಬ್ಬರ ಜಗಳವೆಲ್ಲ ‘ಕರೆಂಟ್ ಹೋದ ಸಂಜೆ’ಯ ಮೇಲೆ. ಬಯಲಿನಲ್ಲಿ ನಡೆದ ಆ ಕಾರ್ಯಕ್ರಮದ ನಡುವೆ ಕರೆಂಟ್ ಹೋಗಿತ್ತು. ಡ್ರಮ್ಮಿನವನು ಮಾತ್ರ ಬಿಡದೆ ಮೆಲ್ಲಗೆ ಬಾರಿಸುತ್ತಿದ್ದ. ಉಳಿದೆಲ್ಲ ಸದ್ದಡಗಿದ್ದ ಆ ಹೊತ್ತಿನಲ್ಲಿ ಹುಡುಗಿಯೊಬ್ಬಳು ಕಿಲಕಿಲನೆ ನಕ್ಕದ್ದು ರೆಕಾರ್ಡಿಂಗಿನಲ್ಲಿ ಸ್ಪಷ್ಟವಾಗಿ ಕೇಳುತ್ತದೆ. ಆ ಹುಡುಗಿಯ ಬಾಯಿಗೆ ಬಟ್ಟೆ ತುರುಕಬೇಕಿತ್ತು ಎಂದು ಗ್ರೂಪಿನಲ್ಲಿ ಯಾರೋ ಬರೆದಿದ್ದರು. ಹಲವರು ಹೌದೆಂದಿದ್ದರು. ಲಿಫ್ಟಪ್ಪ ಕಾರಣ ಒಂದಕ್ಷರ ಬರೆಯದೆ ಆ ಸಂಜೆಯನ್ನು ತನ್ನ ಪಟ್ಟಿಯಲ್ಲಿ ಏಳನೆಯ ಸ್ಥಾನಕ್ಕೆ ಇಳಿಸಿದ್ದ.

ನಕ್ಕವಳು ಇವಳೇ. ಕರೆಂಟ್ ಹೋದದ್ದು ತಿಳಿಯದೆ ಕೀಬೋರ್ಡಿನವನು ಕಣ್ಣು ಮುಚ್ಚಿ, ತಲೆದೂಗುತ್ತ, ಸತ್ತ ಕೀಬೋರ್ಡನ್ನೇ ಭಕ್ತಿಯಿಂದ ನುಡಿಸುತ್ತಿದ್ದ. ಯಾರಿಗೆ ನಗು ಬರುವುದಿಲ್ಲ? ಆದರೆ ಬಟ್ಟೆ ತುರುಕುವ ಆ ಮಾತು ಓದಿದಂದಿನಿಂದ ನಗು ಬಂದಾಗಲೆಲ್ಲ ಅವಳ ಕೈ ತಾನಾಗಿ ಬಾಯಿಗೆ ಅಡ್ಡ ಹೋಗುತ್ತಿತ್ತು. ತಾನು ಅಲ್ಲಿದ್ದೆನೆಂದು ಯಾರಿಗೂ ಹೇಳದೆ, ಕಣ್ಣು ಮುಚ್ಚಿ ಹಾಲು ಕುಡಿಯುವ ಬೆಕ್ಕಿನಂತೆ ಆ ಸಂಜೆಗೇ ಓಟು ಹಾಕುತ್ತ ಬಂದಿದ್ದಳು. ಬದುಕಿನಲ್ಲಿ ಅಷ್ಟು ಸುಖವಾಗಿ ಮತ್ತೆಂದೂ ನಕ್ಕಿರಲಿಲ್ಲ. ಅದು ಮೊದಲನೆಯದಾದರೆ ಆ ನಗುವಿಗೂ ಕ್ಷಮೆ ಸಿಕ್ಕಂತೆ ಎನಿಸುತ್ತಿತ್ತು.

ಅವನು ಅಂಗಡಿಗೆ ಮತ್ತೆ ಬಂದ. ಸ್ಕ್ರೂ ಸಡಿಲವಾಗಿದೆ ಎಂದ. ಮತ್ತೊಮ್ಮೆ ಮೂಗಿನ ಮೇಲೆ ನಿಲ್ಲುತ್ತಿಲ್ಲ ಎಂದ. ಕಿವಿಯ ಹಿಂದೆ ಕಡ್ಡಿ ಸರಿಪಡಿಸುವಾಗ ಅವಳ ಬೆರಳು ತಾಗಿದರೆ ಅವನ ಕಿವಿ ಕೆಂಪಾಗುತ್ತಿತ್ತು. ಅವನು ಹೇಳುವ ಲಿಫ್ಟಿನ ಕತೆಗಳಿಗೆ ಅವಳು ಬಾಯಿಗೆ ಕೈ ಹಿಡಿದು ನಗುತ್ತಿದ್ದಳು.

“ಸ್ಕ್ರೂ ತಾನೇ ಸಡಿಲ ಆಗುತ್ತೋ, ಯಾರಾದ್ರೂ ಮನೆಯಲ್ಲಿ ಕೂತು ತಿರುಗಿಸ್ತಾರೋ?” ಎಂದು ಅಕ್ಕ ಕೇಳಿದಳು. ತಂಗಿ ಲೆನ್ಸ್ ಒರೆಸುವುದರಲ್ಲಿ ಮುಳುಗಿದ್ದಳು. ನಿಜ ಗೊತ್ತಾದರೆ ಅವನು ಈ ಕಡೆ ತಲೆ ಹಾಕುವುದಿಲ್ಲ ಎಂಬ ಭಯ ದಿನದಿನಕ್ಕೆ ಹೆಚ್ಚುತ್ತಿತ್ತು.

ಆ ವರ್ಷ ಓಟು ಹಾಕುವವರು ಖುದ್ದಾಗಿ ಬರಬೇಕು ಎಂದು ಗ್ರೂಪಿನ ಹಿರಿಯರಾದ ನಿವೃತ್ತ ಪೋಸ್ಟ್‌ಮಾಸ್ಟರರು ಆಜ್ಞೆ ಹೊರಡಿಸಿದರು. ಭಾನುವಾರ ಮಧ್ಯಾಹ್ನ ಪೀಠೋಪಕರಣದ ಅಂಗಡಿಯ ಮೇಲಿನ ಕೋಣೆಯಲ್ಲಿ ಎಲ್ಲರೂ ಸೇರಿದರು. ಕೆಳಗಿನಿಂದ ತಂದ ಕುರ್ಚಿಗಳಿಗೆ ಬೆಲೆಯ ಚೀಟಿ ಇನ್ನೂ ನೇತಾಡುತ್ತಿತ್ತು. ಆ ಸಂಜೆಯ ಓಟು ಬಿಡಲಾರದೆ ಬಂದ ಅವಳನ್ನು ಬಾಗಿಲಲ್ಲಿ ಕಂಡದ್ದೇ ಅವನು ಎದ್ದು ನಿಂತ.

“ನೀವು ಇಲ್ಲಿ?”

“ದೊಡ್ಡಮ್ಮ,” ಎಂದು ತನ್ನನ್ನೇ ತೋರಿಸಿಕೊಂಡಳು.

ಅವನು ಅವಳನ್ನೊಮ್ಮೆ, ಕಳಚಿ ಕೈಗೆ ತೆಗೆದುಕೊಂಡ ತನ್ನ ಕನ್ನಡಕವನ್ನೊಮ್ಮೆ ನೋಡಿದ. “ಮುರಿದಿದ್ದೂ ನೀವೇ, ರಿಪೇರಿ ಮಾಡಿದ್ದೂ ನೀವೇ. ಒಳ್ಳೇ ವ್ಯಾಪಾರ,” ಎಂದು ಪಕ್ಕದ ಕುರ್ಚಿ ಎಳೆದು ಕೊಟ್ಟ. ಅವಳಿಗೆ ಹೋದ ಜೀವ ಬಂದಂತಾಯಿತು.

ಆದರೆ ದೊಡ್ಡ ಗುಟ್ಟು ಇನ್ನೂ ಉಳಿದಿತ್ತು. ಪೋಸ್ಟ್‌ಮಾಸ್ಟರರು ‘ಕರೆಂಟ್ ಹೋದ ಸಂಜೆ’ಯ ಹೆಸರು ಹೇಳಿ, ಕನ್ನಡಕದ ಮೇಲಿಂದ ಎಲ್ಲರನ್ನೂ ನೋಡಿದರು. “ಇದಕ್ಕೆ ಹೋದವರು ಯಾರಾದ್ರೂ ಇದ್ದೀರಾ?”

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡಂತೆ ಅವಳ ಕೈ ಬಾಯಿಗೆ ಹೋಯಿತು. ಸುಮ್ಮನೆ ಕೂತಿದ್ದರೆ ಆಗಿತ್ತು. ಈ ಸಲ ಒಂದೆರಡು ಓಟು ಹೆಚ್ಚು ಬಿದ್ದರೆ ಅದೇ ಮೊದಲನೆಯದಾಗುವ ಲಕ್ಷಣವೂ ಇತ್ತು. ಆದರೆ ಪಕ್ಕದಲ್ಲಿ ಅವನು ಅವಳನ್ನೇ ನಂಬಿಕೆಯಿಂದ ನೋಡುತ್ತಿದ್ದ. ಆ ಮುಖದೆದುರು ಇನ್ನೊಂದು ಸುಳ್ಳು ಅವಳಿಂದಾಗಲಿಲ್ಲ.

“ನಾನು ಹೋಗಿದ್ದೆ,” ಎಂದು ಎದ್ದಳು. “ಇಷ್ಟು ದಿನ ಹೇಳಿರ್ಲಿಲ್ಲ, ತಪ್ಪಾಯ್ತು. ಆ ನಗು ನಂದೇ.”

ಯಾರ ಮುಖವನ್ನೂ ನೋಡದೆ, ನಿಯಮದಂತೆ ಹೊರಗೆ ಬಂದು ಮೆಟ್ಟಿಲ ಮೇಲೆ ಕೂತಳು. ಒಳಗೆ ರೆಕಾರ್ಡಿಂಗ್ ಶುರುವಾಯಿತು. ಸ್ವಲ್ಪ ಹೊತ್ತಿಗೆ ಬಾಗಿಲು ತೆರೆದು ಅವನೂ ಹೊರಗೆ ಬಂದ.

“ನಡುವೆ ಎದ್ದು ಬಂದ್ರೆ ನಿಮ್ಮ ಓಟು ಹೋಗುತ್ತೆ,” ಎಂದಳು.

“ಹೋಗ್ಲಿ. ನ್ಯಾಯವಾಗಿ ಅದು ನಂಗೆ ಯಾವತ್ತೂ ಇರ್ಲಿಲ್ಲ.” ಅವನು ಒಂದು ಮೆಟ್ಟಿಲು ಬಿಟ್ಟು ಕೂತ. “ನಾನು ಅದನ್ನ ಏಳನೇದು ಅಂತ ಯಾಕೆ ಹಾಕ್ದೆ ಗೊತ್ತಾ? ಆ ನಗು ಆದ್ಮೇಲೆ ಏನು ಬಾರಿಸಿದ್ರೋ ನಂಗೆ ಇವತ್ತಿಗೂ ಗೊತ್ತಿಲ್ಲ. ಪ್ರತಿ ಸಲ ಹಿಂದಕ್ಕೆ ತಿರುಗಿಸಿ ನಗುನೇ ಕೇಳ್ತೀನಿ. ಹಾಡು ಕೇಳದೆ ಮಾರ್ಕು ಹೇಗೆ ಕೊಡ್ಲಿ?”

ಅಷ್ಟರಲ್ಲಿ ಬಾಗಿಲಾಚೆ ಸ್ಪೀಕರಿನಲ್ಲಿ ಆ ನಗು ಬಂತು. ಅವಳು ತಲೆ ತಗ್ಗಿಸಿದಳು. ಅವನು ಮಾತ್ರ ಬಾಗಿಲ ಕಡೆಗೂ ತಿರುಗದೆ ಅವಳ ಮುಖವನ್ನೇ ನೋಡುತ್ತಿದ್ದ.

“ಯಾರ ನಗು ಅಂತ ಗೊತ್ತಿಲ್ದೇನೇ ಇಷ್ಟಪಟ್ಟಿದ್ದೆ. ಆಮೇಲೆ ಅಂಗಡಿಯಲ್ಲಿ ನಿಮ್ಮನ್ನ ನೋಡಿ ಇಷ್ಟಪಟ್ಟೆ. ಇಬ್ಬರನ್ನ ಇಷ್ಟಪಡ್ತಾ ಇದೀನಲ್ಲ, ಇದು ಸರಿನಾ ಅಂತ ಚಿಂತೆ ಆಗಿತ್ತು ನಂಗೆ.”

ಅವಳಿಗೆ ನಗು ಉಕ್ಕಿತು. ಈ ಸಲ ಕೈ ಅಡ್ಡ ಬರಲಿಲ್ಲ. ಅದನ್ನು ಅವನು ಹಿಡಿದುಕೊಂಡಿದ್ದ. ನಗು ಮೆಟ್ಟಿಲಿಳಿದು ಕೆಳಗಿನ ಅಂಗಡಿಗೂ ಕೇಳಿಸಿತು. ಪೋಸ್ಟ್‌ಮಾಸ್ಟರರು ಬಾಗಿಲಿನಿಂದ ತಲೆ ಹೊರಹಾಕಿ, ಒಳಗಡೆ ಒಂದು ನಗು ಸಾಕು, ಎರಡೆರಡು ಬೇಡ ಎಂದು ಗದರಿಸಿ ಹೋದರು.

ಎರಡು ಓಟು ಕಮ್ಮಿಯಾಗಿ ಆ ಸಂಜೆ ನಾಲ್ಕನೆಯದಾಯಿತು. ಸೋತದ್ದಕ್ಕೆ ಅಷ್ಟು ಸಂತೋಷಪಟ್ಟವರನ್ನು ಆ ಗ್ರೂಪು ಮುಂಚೆ ಕಂಡಿರಲಿಲ್ಲ.

ಬೀದಿಗಿಳಿದ ಮೇಲೆ ಅವನು, ಬ್ಯಾಂಡು ಮುಂದಿನ ತಿಂಗಳು ಮತ್ತೆ ನುಡಿಸುತ್ತದೆ, ಟಿಕೆಟ್ ತರಲೇ ಎಂದು ಕೇಳಿದ. ಆಮೇಲೆ ತಾನೇ ಅನುಮಾನಿಸಿದ. “ಆದ್ರೆ ಇಬ್ಬರೂ ಹೋದ್ರೆ, ಅದು ಎಷ್ಟೇ ಚೆನ್ನಾಗಿದ್ರೂ ನಾವು ಓಟು ಹಾಕೋ ಹಾಗಿಲ್ಲ.”

“ಎಲ್ಲಾದಕ್ಕೂ ತನ್ನಿ,” ಎಂದಳು ಅವಳು. “ಜೀವನಪೂರ್ತಿ ಹೊರಗೇ ಕೂರೋಣ.”